ಮುದ್ದೆ ಅಗಿಯುವ ಹೆಂಗಸು

ಗುಬ್ಬಿ
9-2-2025

ಮಗಳು ತೇಜಸ್ವಿನಿಗೆ ಅಮ್ಮನ ಆಶೀರ್ವಾದ.

ನಾವೆಲ್ಲ ಚೆನ್ನಾಗಿದ್ದೇವೆ. ಕುಣಿಗಲ್ ಹಾಸ್ಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಮೂರು ವಾರದಿಂದ ನಿನ್ನ ಫೋನ್ ತೆಗೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ತೆಗೆದಿದ್ದರೆ ಕೂಗಾಡಿಬಿಡುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ತುಮಕೂರಿನ ಲಕ್ಷ್ಮೀಕಾಂತ್ ಸಾರ್ ಮನೆಯ ಅಡುಗೆ ಕೆಲಸ ಬಿಟ್ಟೆ. ಹನ್ನೊಂದು ವರ್ಷ ಬೆಳಗಿನ ರೈಲು ಹಿಡಿದು ಹೋದ ಮನೆ. ರಿಟೈರ್ ಆದಮೇಲೆ ಅವರಿಗೆ ಚಿತ್ರ ಬರೆಯುವ ಹುಚ್ಚು ಹಿಡಿದಿತ್ತಲ್ಲ, ಮೂರು ವಾರದ ಹಿಂದೆ ತುಮಕೂರಿನಲ್ಲೇ ಅದರದೇ ಪ್ರದರ್ಶನ ಇಟ್ಟಿದ್ದರು. "ಬಾ ಸಿದ್ದಗಂಗಮ್ಮ, ನಿನ್ನ ಚಿತ್ರಾನೂ ಇದೆ" ಎಂದರು. ನಾನೊಬ್ಬಳು ಪೆದ್ದಿ, ನಿನ್ನ ಚಿಕ್ಕಮ್ಮನ ಮದುವೆಗೆ ತೆಗೆದ ರೇಷ್ಮೆ ಸೀರೆ ಉಟ್ಟು ಹೋದೆ.

ಏನು ಬರೆದಿದ್ದರು ಗೊತ್ತಾ? ಅವರ ಅಡುಗೆಮನೆ. ಅಮ್ಮಾವರು ಮೇಜಿನ ಮುಂದೆ ಕೂತು ಚಮಚದಲ್ಲಿ ಊಟ ಮಾಡುತ್ತಿದ್ದಾರೆ. ನಾನು ನೆಲದ ಮೇಲೆ ಕಾಲು ಚಾಚಿ, ಕೆನ್ನೆ ಉಬ್ಬಿಸಿಕೊಂಡು, ಹಲ್ಲು ಕಾಣುವ ಹಾಗೆ ಮುದ್ದೆ ಅಗಿಯುತ್ತಿದ್ದೇನೆ! ಬೆಕ್ಕು ಕೂಡ ನನ್ನನ್ನು ನೋಡಿ ಮೂತಿ ತಿರುವಿದೆ. ಹೆಸರು ಬೇರೆ, 'ಹೊಟ್ಟೆಬಾಕಿ' ಅಂತ. ಜನ ಬಿದ್ದು ಬಿದ್ದು ನಗುತ್ತಿದ್ದರು.

ಮೈಯೆಲ್ಲ ಉರಿಯಿತು ಕಣೇ. ಮುದ್ದೆಯನ್ನು ಯಾರಾದರೂ ಅಗಿಯುತ್ತಾರಾ? ಸಾರಿಗೆ ಅದ್ದಿ ನುಂಗುತ್ತೇವೆ. ಹನ್ನೊಂದು ವರ್ಷ ನಾನು ಉಂಡಿದ್ದು ಅವರ ಹಿತ್ತಲಿನ ಕಲ್ಲಿನ ಮೇಲೆ, ಬೇರೆ ತಟ್ಟೆಯಲ್ಲಿ, ಎಲ್ಲರದೂ ಆದಮೇಲೆ. ಒಂದು ದಿನವಾದರೂ ನೋಡಿದ್ದರೆ ತಾನೇ ಗೊತ್ತಾಗುವುದು! ಚಿತ್ರದಲ್ಲಿ ಮಾತ್ರ ಒಳಗೆ ಕೂರಿಸಿದ್ದಾರೆ, ನಾಲ್ಕು ಜನರನ್ನು ನಗಿಸುವುದಕ್ಕೆ.

ಮಾರನೆಯ ದಿನ ಕೇಳಿಯೇಬಿಟ್ಟೆ. "ಸಾ, ನಾನು ಉಣ್ಣೋದ್ನ ನೀವ್ ಎಲ್ ನೋಡುದ್ರಿ?"

"ಅಯ್ಯೋ, ತಮಾಷೆಗೆ ಕಣಮ್ಮ. ಜನಕ್ಕೆ ಎಷ್ಟು ಇಷ್ಟ ಆಯ್ತು ಗೊತ್ತಾ?"

"ಹಂಗಾರೆ ನಾಳಿಂದ ಕೋಲು ಹಿಡ್ದು ಮುದ್ದೆ ನೀವೇ ತೊಳಸ್ಕಳಿ. ಅದೂ ತಮಾಷೆಯಾಗೇ ಇರ್ತದೆ" ಅಂದು ಹೊರಟು ಬಂದೆ.

ನನ್ನ ಚಿಂತೆ ಬೇಡ. ವಸಂತನರಸಾಪುರದ ಒಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿದೆ. ನೀನು ಚೆನ್ನಾಗಿ ಓದಿ ಟೀಚರಾಗು, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಸಿದ್ದಗಂಗಮ್ಮ

ವಿ.ಸೂ.: ಆ ಚಿತ್ರದ ಮುಂದೆ ನೀನೂ ಇದ್ದೆ, ಕುಣಿಗಲ್ಲಿಂದ ಬಂದಿದ್ದ ನಿನ್ನ ಕಾಲೇಜಿನ ಹುಡುಗಿಯರ ಜೊತೆ. ಕರೆಯೋಣವೆಂದು ಹತ್ತಿರ ಬಂದೆ. "ಯಾರೇ ಈಯಮ್ಮ?" ಅಂತ ಒಬ್ಬಳು ಚಿತ್ರ ತೋರಿಸಿ ಕೇಳಿದಳು. "ಯಾರೋ ಕೆಲಸದೋಳು ಇರ್ಬೇಕು ಕಣೇ" ಅಂದು ನೀನೂ ನಕ್ಕೆ. ನೀನು ತಿರುಗಿ ನನ್ನನ್ನು ನೋಡಿ ನಾಚಿಕೊಳ್ಳುವ ಹಾಗಾಗಬಾರದು ಅಂತ ಮುಖಕ್ಕೆ ಸೆರಗು ಮುಚ್ಚಿಕೊಂಡು ಆಚೆ ಬಂದೆ. ಲಕ್ಷ್ಮೀಕಾಂತರ ಮೇಲಿನ ಸಿಟ್ಟು ಅವರ ಬಾಗಿಲಲ್ಲೇ ಇಳಿಯಿತು. ನಿನ್ನ ಮೇಲಿನದು ಇಳಿಯುತ್ತಿಲ್ಲ ಮಗಳೇ.