ತೊಳೆದ ಡಬ್ಬಿ

ರೀ,

ಮೂರನೇ ಮಹಡಿಯ ಟೀಚರಮ್ಮನ ವಿಷಯ ವಿಚಾರಿಸಲು ಊಟದ ಕೇಂದ್ರದವರು ಕರೆದಿದ್ದಾರೆ, ಹೊರಟೆ. ಇವತ್ತು ವಯಸ್ಸಾದವರ ಮನೆಗಳಿಗೆ ಊಟದ ಡಬ್ಬಿ ನೀವೇ ಕೊಟ್ಟು ಬರಬೇಕು. ಪಟ್ಟಿ ಚೀಲದಲ್ಲಿದೆ. ಕನ್ನಡಕ ಫ್ರಿಜ್ ಮೇಲಿದೆ, ಮನೆಯೆಲ್ಲ ಜಾಲಾಡಬೇಡಿ.

ದರ್ಜಿ ತಾತನಿಗೆ ಉಪ್ಪಿಲ್ಲದ್ದು, ಕೆಂಪು ಮುಚ್ಚಳ. ಗಾಲಿಕುರ್ಚಿಯ ಅಕ್ಕ ಬಾಗಿಲಿಗೆ ಬರುವುದು ತಡ. ಸುಮ್ಮನೆ ಬೆಲ್ ಒತ್ತುತ್ತಾ ನಿಂತರೆ ಬೈಸಿಕೊಳ್ಳುತ್ತೀರಿ.

ಯಾರ ಮನೆಯಲ್ಲೂ ಡಬ್ಬಿ ಬಾಗಿಲಲ್ಲಿಟ್ಟು ಬರಬೇಡಿ. ಮುಖ ನೋಡಿ, ಒಂದು ಮಾತಾಡಿಸಿ, ಆಮೇಲೆ ಕೊಡಿ.

ಟೀಚರಮ್ಮನ ಬಾಗಿಲ ಚಿಲಕದಲ್ಲಿ ಹಿಂದಿನ ದಿನದ ಡಬ್ಬಿ ತೊಳೆದು ನೇತುಹಾಕಿದ್ದರೆ ಸಾಕು, ಅವರು ಚೆನ್ನಾಗಿದ್ದಾರೆ ಅಂದುಕೊಂಡು ಹೊಸದನ್ನಿಟ್ಟು ಇಳಿದುಬಿಡುತ್ತಿದ್ದೆ. ಕೊನೆಯ ನಾಲ್ಕು ದಿನ ಉಂಡು ತೊಳೆದು ನೇತುಹಾಕಿದ್ದು ಪಕ್ಕದ ಮನೆಯವಳಂತೆ. "ಮಗಳ ಮನೆಗೆ ಹೋಗಿರ್ಬೇಕು, ಅನ್ನ ಯಾಕೆ ಹಾಳಾಗ್ಬೇಕು ಅಂತ ತಗೊಂಡೆ" ಅಂದಳು. ಅವಳನ್ನು ಏನಂತ ಬೈಯಲಿ? ಐದನೇ ದಿನ ಮಗಳೇ ಬಂದು ಬಾಗಿಲು ಒಡೆಸಿದಳು. ಟೀಚರಮ್ಮ ಬಾಗಿಲ ಹಿಂದೆಯೇ ಸತ್ತು ಬಿದ್ದಿದ್ದರು, ಕೋಲು ಕೈಯಲ್ಲೇ ಇತ್ತು.

ಆ ನಾಲ್ಕರಲ್ಲಿ ಮೊದಲ ದಿನ, ಡಬ್ಬಿ ಇಡುವಾಗ ಏನೋ ಕುಟ್ಟುವ ಸದ್ದು ಕೇಳಿತ್ತು. ಮೇಲಿನ ಮನೆಯಲ್ಲಿ ಮೊಳೆ ಹೊಡೆಯುತ್ತಿದ್ದಾರೆ ಅಂದುಕೊಂಡೆ. ಈಗ ನಮ್ಮ ಅಡುಗೆಮನೆಯಲ್ಲೂ ಅದು ಕೇಳುತ್ತದೆ. ನಿಮಗೆ ಹೇಳಿರಲಿಲ್ಲ.

ಪಟ್ಟಿಯಲ್ಲಿ ಏಳು ಮನೆ, ಚೀಲದಲ್ಲಿ ಎಂಟು ಡಬ್ಬಿ. ಕೈ ತಾನಾಗಿ ತುಂಬಿಬಿಟ್ಟಿತು. ಎಂಟನೆಯದು ನೀವು ಉಣ್ಣಿ. ಬರುವಾಗ ಟೀಚರಮ್ಮನ ಬಾಗಿಲನ್ನೂ ಒಮ್ಮೆ ತಟ್ಟಿ ಬನ್ನಿ. ಒಳಗೆ ಯಾರೂ ಇಲ್ಲ ಅಂತ ಗೊತ್ತು. ಆದರೆ ನಾನು ಒಂದು ದಿನವೂ ತಟ್ಟಲಿಲ್ಲ.