ಹೌದಿನ ಹೊಟ್ಟೆಯೊಳಗಿನ ಇಲ್ಲ

ಆಗಸ್ಟ್ ೪, ಬೆಳಿಗ್ಗೆ

ಯಾರದು ಓದುತ್ತಿರುವುದು? ಮುಚ್ಚು ಮೊದಲು. ಇನ್ನೊಬ್ಬರ ನೋಟ್‌ಬುಕ್ಕಿಗೆ ಮೂಗು ತೂರಿಸುವಷ್ಟು ಪುರುಸೊತ್ತಿದ್ದರೆ ಹಿತ್ತಿಲಿಗೆ ಹೋಗಿ ತೆಂಗಿನ ಚಿಪ್ಪಾದರೂ ಆಯಿ. ಮಗನೇ ಮುರುಗಾ, ನೀನಾದರೆ ನಿನಗೂ ಇದೇ ಮಾತು. ಹೆತ್ತವಳದ್ದಾದರೆ ಓದಬಹುದು ಅಂತೇನಿಲ್ಲ.

ಮೊದಲ ಹನ್ನೊಂದು ಪುಟ ನನ್ನವಲ್ಲ, ಮೊಮ್ಮಗಳು ಗಂಗಿಯವು. ಶಿವಗಂಗಾ. ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದುಕೊಂಡು ಪಿಎಚ್‌ಡಿ ಮಾಡುತ್ತಾಳೆ — ಇನ್ನೂರು ವರ್ಷದ ಹಿಂದಿನ ಯಾರೋ ಜರ್ಮನಿಯವನ ಮೇಲೆ. ಹೆಸರು ನನ್ನ ನಾಲಿಗೆಗೆ ಹತ್ತುವುದಿಲ್ಲ. ಯುಗಾದಿಗೆ ನಮ್ಮ ಶ್ರೀರಾಂಪುರಕ್ಕೆ ಬಂದವಳು ಇದನ್ನು ಬಿಟ್ಟುಹೋದಳು. ಖಾಲಿ ಹಾಳೆ ದಂಡವಾಗಬಾರದು. ನಾಲ್ಕನೇ ಕ್ಲಾಸಿನ ಕೈಬರಹ, ನಗುವವರು ನಗಲಿ.

ಹಾಲು ಉಕ್ಕುತ್ತಿದೆ. ಏಳಬೇಕು.

ಆಗಸ್ಟ್ ೯, ಸಂಜೆ

ದೀಪ ಹಚ್ಚಿದ ಮೇಲೆ ಗಂಗಿಯ ಫೋನು. ಮೂರು ತಿಂಗಳಿಂದ ದಿನಾ ಇದೇ ಆಟ. ಅವಳು ಒಂದು ಮಾತು ಹೇಳಬೇಕು, ನಾನು ಅಲ್ಲ ಅನ್ನಬೇಕು. ಎರಡನ್ನೂ ಒಳಗಿಟ್ಟುಕೊಂಡು ಎರಡಕ್ಕಿಂತ ಎತ್ತರಕ್ಕೆ ಬೆಳೆದ ಮೂರನೆಯ ಮಾತನ್ನು ಅವಳು ಹುಡುಕಬೇಕು. ಆ ಜರ್ಮನಿಯವನು ಯೋಚನೆ ಮಾಡುತ್ತಿದ್ದದ್ದೇ ಹೀಗಂತೆ. ಅಲ್ಲ ಅನ್ನಲು ನನ್ನಂಥ ಬಾಯಿ ಇನ್ನೆಲ್ಲಿ ಸಿಗಬೇಕು!

ಇವತ್ತಿನದು —

"ಅಜ್ಜೀ, ಯಜಮಾನ ದೊಡ್ಡೋನು, ಆಳು ಸಣ್ಣೋನು."

"ಅಲ್ಲ ಕಣೇ. ನಿಮ್ಮ ಅಜ್ಜಂಗೆ ಮನೇಲಿ ಉಪ್ಪು ಎಲ್ಲೈತೆ ಅಂತ ಗೊತ್ತಿರ್ಲಿಲ್ಲ. ನಾನು ಎರಡು ದಿನ ತವರಿಗೆ ಹೋದ್ರೆ ಉಪವಾಸ ಬೀಳ್ತಿದ್ದ. ಆಯಪ್ಪ ದೊಡ್ಡೋನಾ?"

"ಹಂಗಾದ್ರೆ ನೀನೇ ದೊಡ್ಡೋಳಾ?"

"ಅದೂ ಅಲ್ಲ. ಉಪ್ಪು ಎಲ್ಲೈತೆ ಅಂತ ಗೊತ್ತಿದ್ರೂ ಹೊಸ್ತಿಲು ದಾಟೋಕೆ ಆಯಪ್ಪನ್ನೇ ಕೇಳ್ಬೇಕಿತ್ತು."

ಪೆನ್ನು ಹುಡುಕುವ ಸದ್ದು ಕೇಳಿಸಿತು. ಆಮೇಲೆ, "ತಡಿ ಅಜ್ಜಿ, ಬರ್ಕಂತೀನಿ" ಅಂದಳು.

ನನ್ನ ಮಾತು ಥೀಸಿಸ್‌ನಲ್ಲಿ! ಪಕ್ಕದ ಮನೆ ಶಾಂತಕ್ಕನಿಗೆ ಹೇಳಿದೆ. "ಎದುರಾಡೋದಕ್ಕೆ ಡಿಗ್ರಿ ಕೊಡ್ತಾರೇನವ್ವ? ಹಂಗಾದ್ರೆ ನಮ್ಮ ಬೀದಿಗೆಲ್ಲ ಕೊಡ್ಬೇಕು" ಅಂದಳು.

ಆಗಸ್ಟ್ ೨೩, ಸಂಜೆ

"ಹಾಲು ಹೋಯ್ತು, ಆದ್ರೂ ಮೊಸರಿನೊಳಗೆ ಐತೆ. ಮೂರನೇ ಮಾತು ಹಂಗೆ ಅಜ್ಜಿ."

"ತಾನಾಗೇ ಮೊಸರಾಯ್ತಾ? ಹೆಪ್ಪು ಹಾಕಿದೋಳು ನಾನು. ಹೊರಗಿಂದ ಬಂತಲ್ಲ."

"ಹೆಪ್ಪು ಅಂದ್ರೇನು? ನಿನ್ನೆ ಹಾಲೇ ತಾನೆ?"

ಒಪ್ಪಿಕೊಂಡೆ. ಗೆದ್ದವಳ ದನಿ ಮಾತ್ರ ಸೋತ ಹಾಗಿತ್ತು. ಗೈಡು ಚಾಪ್ಟರ್ ವಾಪಸ್ ಕೊಟ್ಟರಂತೆ. ಇದು ಮೂರನೇ ಸಲ. ತಿದ್ದಿ ಬರಿ, ಸಾಯುವ ಮಾತೇನಲ್ಲ ಅಂದೆ.

ಸೆಪ್ಟೆಂಬರ್ ೨, ಸಂಜೆ

ಇವತ್ತು ನಾನು ಗೆದ್ದೆ.

"ಅಜ್ಜೀ, ನಂಗೆ ಆಗಲ್ಲ ಇನ್ನ. ಎಲ್ಲ ಬಿಟ್ಟು ಮನೆಗೆ ಬಂದ್ಬಿಡ್ತೀನಿ."

"ಬರಬ್ಯಾಡ. ಇಲ್ಲಿ ನಿಂಗೇನೈತೆ?"

"ನೀನಿದ್ದೀಯಲ್ಲ."

"ನಾನು ಇವತ್ತೋ ನಾಳೆಯೋ. ನನ್ನ ನಂಬ್ಕಂಡು ಬರಬ್ಯಾಡ."

ಮೂರನೆಯ ಮಾತಿಗೆ ಕಾದೆ. ಬರಲಿಲ್ಲ. ಫೋನು ಇಟ್ಟಳು. ಉತ್ತರ ಹೊಳೆಯದೆ ಸಿಟ್ಟು ಬಂದಿರಬೇಕು. ನಾಳೆ ತರುತ್ತಾಳೆ.

ಸೆಪ್ಟೆಂಬರ್ ೩

ಫೋನು ಬರಲಿಲ್ಲ.

ಸೆಪ್ಟೆಂಬರ್ ೪

ಇವತ್ತೂ ಇಲ್ಲ.

ಸೆಪ್ಟೆಂಬರ್ ೧೧

ಮಗ ಮುರುಗಪ್ಪನ ಫೋನಿಗೆ ಗಂಗಿಯ ಮೆಸೇಜ್ ಬಂದಿದೆಯಂತೆ — 'ಚೆನ್ನಾಗಿದ್ದೀನಿ ಮಾಮ, ಸ್ವಲ್ಪ ದಿನ ಮಾತಾಡಲ್ಲ.' ಆಮೇಲಿಂದ ಸ್ವಿಚ್ ಆಫ್. ಫೋನಿನೊಳಗೆ ಒಬ್ಬಳು ಹೆಂಗಸು ಅದನ್ನೇ ಹೇಳುತ್ತಾಳೆ. ಅವಳಿಗೂ ಬೈದೆ. ತಿರುಗಿ ಅದನ್ನೇ ಹೇಳಿದಳು.

ಸೆಪ್ಟೆಂಬರ್ ೧೬

ಮುರುಗಪ್ಪ ಮೈಸೂರಿಗೆ ಹೋಗಿ ಬಂದ. ನೀರು ಕೊಟ್ಟರೆ ಕುಡಿಯಲಿಲ್ಲ.

"ಗೇಟ್ ಹತ್ರ ಬಂದ್ಲು. ಕಡ್ಡಿ ಆಗ್ಯಾಳೆ ಕಣವ್ವ. ಓದು ಬಿಟ್ಲಂತೆ. ತಿಂಗಳ ಕಡೆಗೆ ರೂಮ್ ಖಾಲಿ ಮಾಡ್ಬೇಕಂತೆ."

"ಆಮ್ಯಾಲೆ ಎಲ್ಲಿಗೆ?"

"ಹೇಳ್ಲಿಲ್ಲ. ನಡಿಯವ್ವ ಮನೆಗೆ ಹೋಗಾಣ ಅಂದೆ. 'ಅಜ್ಜಿ ಬರಬ್ಯಾಡ ಅಂದೈತೆ ಮಾಮ' ಅಂದ್ಲು."

ನನ್ನ ಕೈಯಲ್ಲಿದ್ದ ಲೋಟ ಇಡುವುದಕ್ಕೆ ಜಾಗ ಕಾಣಲಿಲ್ಲ.

"ತಾಯಿಲ್ಲದ ಮಗೀಗೆ ಯಾಕವ್ವ ಹಂಗಂದೆ?"

"ಅದು ಆಟ ಕಣಪ್ಪ."

"ಯಾವ ಆಟ?"

ಹೇಳಲು ಹೋದೆ. ಒಂದು ಮಾತು, ಅದರ ಎದುರು ಮಾತು... ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಅಲ್ಲಿಗೇ ನಿಲ್ಲಿಸಿದೆ.

ನಾನೇ ಹೋಗುತ್ತೇನೆ ಅಂದೆ. ಅಜ್ಜಿಯನ್ನು ಕರೆತಂದರೆ ಅವತ್ತೇ ಹೊರಟುಬಿಡುತ್ತೇನೆ, ಎಲ್ಲಿಗೆ ಅಂತ ಯಾರಿಗೂ ಹೇಳುವುದಿಲ್ಲ ಅಂತ ಗಂಗಿ ಅವನಿಗೆ ಹೇಳಿದ್ದಾಳಂತೆ.

ಸೆಪ್ಟೆಂಬರ್ ೧೮

ಗಂಗಿಯ ಹನ್ನೊಂದು ಪುಟಗಳನ್ನು ಬೆರಳಿಟ್ಟುಕೊಂಡು ಓದಿದೆ. ಎರಡು ದಿನ ಹಿಡಿಯಿತು. ಏಳನೇ ಪುಟದಲ್ಲಿ ಅವಳು ಬರೆದದ್ದು:

'ಇಲ್ಲ ಎನ್ನುವುದು ಹೊರಗಿನಿಂದ ಎಸೆದ ಕಲ್ಲಲ್ಲ. ಅದು ಹೌದಿನ ಹೊಟ್ಟೆಯಿಂದಲೇ ಹುಟ್ಟಬೇಕು. ಹೊರಗಿನಿಂದ ಬಂದ ಇಲ್ಲ ಏನನ್ನೂ ಬೆಳೆಸುವುದಿಲ್ಲ, ಮುರಿಯುತ್ತದೆ.'

ಆರು ತಿಂಗಳಿಂದ ಈ ನೋಟ್‌ಬುಕ್ಕು ನನ್ನ ದಿಂಬಿನ ಕೆಳಗೇ ಇತ್ತು. ಒಂದು ದಿನ ಓದಿದ್ದರೆ...

ಹೊಟ್ಟೆ ಬಾ ಅನ್ನುತ್ತಿತ್ತು. ಬಾಯಿ ಬರಬೇಡ ಅಂದಿತು. ಅದು ಹೆಪ್ಪಲ್ಲ. ಕುದಿಯುವ ಹಾಲಿಗೆ ನಿಂಬೆಹಣ್ಣು ಹಿಂಡಿದೆ. ಒಡೆದ ಹಾಲನ್ನು ಯಾವ ಜರ್ಮನಿಯವನು ಮತ್ತೆ ಹಾಲು ಮಾಡಿದ್ದಾನೆ?

ಎಲ್ಲದರಾಚೆಗೂ ಒಂದು ಮೂರನೆಯದು ಇರುತ್ತದೆ ಅಂತ ಬರೆದವನು ಮನೆಯಲ್ಲಿ ಯಾರನ್ನೂ ಮಣ್ಣು ಮಾಡಿರಲಿಲ್ಲವೇ? ನನ್ನ ಮಗಳು ಹೋದಳು. ಎರಡು ವರ್ಷದ ಗಂಗಿಯನ್ನು ನನ್ನ ಮಡಿಲಿಗೆ ಹಾಕಿದರು. ಓಹೋ, ಇದೇ ಮೂರನೆಯದು ಅಂದುಕೊಂಡು ಬದುಕಿದೆ. ಈಗ ಅದನ್ನೂ ನನ್ನ ಬಾಯಾರೆ ಬೇಡ ಅಂದೆ. ಇನ್ನು ಮುಂದಕ್ಕೆ ಎಣಿಸಲು ನನ್ನ ಹತ್ತಿರ ಏನೂ ಇಲ್ಲ.

ಸೆಪ್ಟೆಂಬರ್ ೨೧

ದೀಪ ಹಚ್ಚಿ ಫೋನಿನ ಮುಂದೆ ಕೂತೆ. ಶಾಂತಕ್ಕ ಬಂದಳು. ಬೈಯುತ್ತೇನೆ ಅಂತ ಕಾದಳು. ಬೈಯಲಿಲ್ಲ. ಹೆದರಿ ಎದ್ದುಹೋದಳು.

ಸೆಪ್ಟೆಂಬರ್ ೨೨, ಬೆಳಿಗ್ಗೆ

ಗಂಗೀ, ಈಗ ಓದುತ್ತಿರುವುದು ನೀನು. ಮೊದಲ ಪುಟದ ಬೈಗುಳ ನಿನಗಲ್ಲ. ಈ ನೋಟ್‌ಬುಕ್ಕನ್ನು ಮುರುಗಪ್ಪ ಇವತ್ತು ಪೋಸ್ಟಿಗೆ ಹಾಕುತ್ತಾನೆ.

ಬಾ ಅಂತ ಬರೆಯಲು ಕೂತೆ. ಕೈ ಬರಲಿಲ್ಲ. ನಾಲ್ಕು ತಿಂಗಳು ಎಲ್ಲವನ್ನೂ ತಿರುಗಿಸಿ ಹೇಳಿದ ಬಾಯಿ ಇದು, ಈಗ ನೇರವಾಗಿ ಹೇಳಿದರೆ ಯಾಕೆ ನಂಬುತ್ತೀಯ? ಅವತ್ತು ನೀನು ಆಟ ಆಡುತ್ತಿಲ್ಲ ಅಂತ ನನಗೆ ತಿಳಿಯಲಿಲ್ಲ. ಇವತ್ತು ನಾನು ಆಡುತ್ತಿಲ್ಲ ಅಂತ ನಿನಗೆ ಹೇಗೆ ತಿಳಿಸಲಿ?

ಆದರೂ ಬರೆಯುತ್ತೇನೆ. ಬಾ.

ಥೀಸಿಸ್ ಬಿಟ್ಟರೆ ಬಿಡು. ಬರಿಗೈಯಲ್ಲಿ ಬಾ. ನೀನು ಬರ್ತೀನಿ ಅಂದೆ, ನಾನು ಬರಬೇಡ ಅಂದೆ. ಮೂರನೆಯ ಮಾತು ಹೇಳುವ ಸರದಿ ಯಾವತ್ತೂ ನಿನ್ನದೇ. ರೂಮು ಬಿಟ್ಟ ಮೇಲೆ ನಿನ್ನನ್ನು ಯಾವ ಅಡ್ರೆಸ್ಸಿನಲ್ಲಿ ಹುಡುಕಲಿ? ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರಿ. ಒಂದು ಗೆರೆ ಸಾಕು. ಬೈದು ಬರಿ. ಇಲ್ಲ ಅಂತಲೇ ಬರಿ, ಅದನ್ನಾದರೂ ಹಿಡಿದುಕೊಂಡು ನಾನು —