ನೀನು ಒರೆಸಿದ ಸಾಲು

ಬೈಂಡಿಂಗ್ ಅಂಗಡಿಯ ಮೇಲಿನ ಕೋಣೆ
ಮಾರ್ಚ್ ೯, ಭಾನುವಾರ

ಪ್ರೀತಿಯ ಅಣ್ಣಾ,

ಗಂಟಲಿನ ಗಾಯ ಮಾಯುತ್ತಾ ಬಂತೇ? ನೀರಾದರೂ ಸಲೀಸಾಗಿ ಇಳಿಯುತ್ತಿದೆಯೇ? ಅತ್ತಿಗೆಯನ್ನು ಕೇಳಿದರೆ "ಪರವಾಗಿಲ್ಲ" ಅನ್ನುತ್ತಾರೆ. ಆಸ್ಪತ್ರೆಗೆ ಸೇರಿಸಿದ ದಿನವೂ ಅವರು ಹಾಗೇ ಅಂದಿದ್ದರು, ಹಾಗಾಗಿ ನನಗೆ ನಂಬಿಕೆಯಿಲ್ಲ. ಮೊದಲಾಗಿದ್ದರೆ ನೀನು ಅವರ ಕೈಯಿಂದ ಫೋನ್ ಕಿತ್ತುಕೊಂಡು, "ಏ ಮೊಂಡಿ, ಊಟ ಆಯ್ತೇನೇ?" ಅಂತ ನೀನು ಟಿಕೆಟ್ ಕೊಡುತ್ತಿದ್ದ ಬಸ್ಸಿನ ಕೊನೆಯ ಸೀಟಿನವರಿಗೂ ಕೇಳುವ ಹಾಗೆ ಕೂಗುತ್ತಿದ್ದೆ. ಈಗ ಅತ್ತಿಗೆಯ ಮಾತು ಮುಗಿದ ಮೇಲೂ ನಾನು ಫೋನ್ ಇಡದೆ ಸ್ವಲ್ಪ ಹೊತ್ತು ಕಾಯುತ್ತೇನೆ. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದಾರೆ ಅಂತ ಗೊತ್ತಿದ್ದೂ ಕಾಯುತ್ತೇನೆ.

ಇಲ್ಲಿ ಕೆಲಸಕ್ಕೇನೂ ಬರವಿಲ್ಲ. ಮಡಿಸಿದ ಹಾಳೆಗಳನ್ನು ಜೋಡಿಸಿ ಹೊಲಿಯುತ್ತೇನೆ. ಪುಟದ ಸಂಖ್ಯೆ ನೋಡುವ ಗೋಜಿಲ್ಲ; ಪ್ರತಿ ಮಡಿಕೆಯ ಬೆನ್ನಿಗೂ ಒಂದು ಕಪ್ಪು ಗುರುತಿರುತ್ತದೆ, ಅವು ಮೆಟ್ಟಿಲಿನ ಹಾಗೆ ಇಳಿದರೆ ಪುಸ್ತಕ ಸರಿಯಿದೆ ಅಂತ ಲೆಕ್ಕ. ದಿನವಿಡೀ ಪುಸ್ತಕ ಹೊಲಿಯುವವಳಿಗೆ ಒಂದು ಪುಟ ಓದುವಷ್ಟರಲ್ಲಿ ಬೆವರು ಕಿತ್ತುಕೊಂಡು ಬರುತ್ತದೆ ಅಂತ ಯಜಮಾನರಿಗೇನು ಗೊತ್ತು! ಶಾಲೆಯಲ್ಲಿ ಎಲ್ಲರೂ ದಡ್ಡಿ ಅಂದಾಗ ನನ್ನ ಪಾಠಗಳನ್ನೆಲ್ಲ ಗಟ್ಟಿಯಾಗಿ ಓದಿ ಓದಿ ದಡ ಹತ್ತಿಸಿದವನು ನೀನು. ಇದಕ್ಕೆ ಡಿಸ್ಲೆಕ್ಸಿಯಾ ಎಂಬ ಹೆಸರಿದೆ, ಇದು ದಡ್ಡತನವಲ್ಲ ಅಂತ ಸಂಜೆ ತರಗತಿಯ ಟೀಚರ್ ಹೇಳಿದ್ದು ಮೊನ್ನೆ ಮೊನ್ನೆ. ಅವರ ಮಾತಿನಂತೆ ರಟ್ಟಿನಲ್ಲಿ ಒಂದೇ ಸಾಲು ಕಾಣುವಷ್ಟು ಕಿಂಡಿ ಕೊರೆದುಕೊಂಡಿದ್ದೇನೆ. ಮಿಕ್ಕ ಸಾಲುಗಳು ಮರೆಯಾದರೆ ಅಕ್ಷರಗಳು ಕೊಂಚ ಸುಮ್ಮನಿರುತ್ತವೆ. ಅಚ್ಚಿನದಾದರೆ ಫೋನೂ ಓದಿ ಹೇಳುತ್ತದೆ. ಸಾವಿನ ಸುದ್ದಿಯನ್ನೂ ಸೋಪಿನ ಜಾಹೀರಾತನ್ನೂ ಒಂದೇ ಧಾಟಿಯಲ್ಲಿ ಓದುತ್ತದೆ, ಪುಣ್ಯಾತ್ಮ. ಕೈಬರಹ ತೋರಿಸಿದರೆ ಮಾತ್ರ ಅದೂ ನನ್ನ ಹಾಗೇ ಬೆಬ್ಬೆಬ್ಬೆ ಅನ್ನುತ್ತದೆ.

ನಿನ್ನನ್ನು ನೋಡಲು ಬಂದ ದಿನ ಕಣ್ಣಮುಂದಿನಿಂದ ಸರಿಯುತ್ತಿಲ್ಲ. ನೀನು ಮಗಳ ಸ್ಲೇಟಿನ ಮೇಲೆ ಏನೋ ಬರೆದು ನನ್ನ ಮುಂದೆ ಹಿಡಿದೆ. ನಾನು ಗಡಿಬಿಡಿಯಲ್ಲಿ ರಟ್ಟನ್ನು ಇಲ್ಲೇ ಬಿಟ್ಟು ಬಂದಿದ್ದೆ. ಅಂಗೈ ಅಡ್ಡ ಹಿಡಿದು ಓದಲು ನೋಡಿದೆ. "ಇನ್ನು ನಿನಗೆ" ಅಂತ ಎರಡು ಪದ ಸಿಕ್ಕವು, ಅಷ್ಟರಲ್ಲಿ ಅತ್ತಿಗೆ ಔಷಧಿ ಹಿಡಿದು ಒಳಗೆ ಬಂದರು. ನೀನು ಎಲ್ಲವನ್ನೂ ಒರೆಸಿಬಿಟ್ಟೆ. "ಏನಂತೆ?" ಅಂತ ಅವರು ಕೇಳಿದರೆ ನೀನು ಕಿಟಕಿಯ ಕಡೆ ತಿರುಗಿದೆ. ಇಷ್ಟು ವರ್ಷ ನನಗೆ ಲೋಕವನ್ನೆಲ್ಲ ಓದಿ ಹೇಳಿದವನು ನೀನಾಗಿ ಒಂದೇ ಒಂದು ಸಾಲು ಬರೆದುಕೊಟ್ಟೆ, ಅದು ನನ್ನ ಕಣ್ಣಿಗೆ ದಕ್ಕಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲೇ ಅತ್ತುಬಿಟ್ಟೆ. ಜನ ನೋಡಿದರೆ ನೋಡಲಿ ಅಂತ ಅತ್ತೆ.

ಈ ಪತ್ರವನ್ನು ಫೋನಿಗೆ ಹೇಳಿ ಪಕ್ಕದ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ದೇನೆ. ಅತ್ತಿಗೆಗೆ ನಮಸ್ಕಾರ, ಸ್ಲೇಟು ಕೊಟ್ಟ ಪುಟಾಣಿಗೆ ಮುತ್ತು. ನೀನು ಬೇಗ ಎದ್ದು ಓಡಾಡುವಂತಾಗಲಿ.

ನಿನ್ನ,
ಮೊಂಡಿ

ತಾ.ಕ.: ಇದಷ್ಟು ನನ್ನ ಕೈಬರಹ, ನಗಬೇಡ. ಮುಂದಿನ ಭಾನುವಾರ ರಟ್ಟು ತೆಗೆದುಕೊಂಡೇ ಬರುತ್ತೇನೆ. ಆ ಸಾಲನ್ನು ಇನ್ನೊಮ್ಮೆ ಬರೆ. ದಪ್ಪಗೆ, ಪದಗಳ ನಡುವೆ ಒಂದು ಬೆರಳು ಜಾಗ ಬಿಟ್ಟು. ಇನ್ನು ನಿನಗೆ ಓದಿ ಹೇಳುವವರು ಯಾರು ಅಂತ ಬರೆದಿದ್ದೆಯಾ? ಹಾಗಿದ್ದರೆ ಅದನ್ನೇ ಬರೆ, ನಾನೇ ಓದುತ್ತೇನೆ. ಎಷ್ಟು ಹೊತ್ತಾದರೂ ಸರಿ, ಅತ್ತಿಗೆ ಬಂದರೂ ಸರಿ, ನಾನು ಓದಿ ಮುಗಿಸುವ ತನಕ ಒರೆಸಬೇಡ ಅಣ್ಣಾ.